ಮೊಬೈಲಿನ ಕನ್ನಡ: ಬಳಸುವವರು ಲಕ್ಷೋಪಲಕ್ಷ, ದುಡಿಯುವವರು ಬೆರಳೆಣಿಕೆ

ರಾಜ್ಯೋತ್ಸವವಿರಲಿ, ಯಕ್ಷಗಾನ ಬಯಲಾಟವಿರಲಿ, ಸಂಘದ ವಾರ್ಷಿಕ ಮಹಾಸಭೆಯಿರಲಿ, ಮುಂಬಯಿಯ ತುಳು-ಕನ್ನಡಿಗರ ಮನೆಗೆ ಆಮಂತ್ರಣ ಈಗ ಬರುವುದು ಹೆಚ್ಚಾಗಿ ಮೊಬೈಲಿನ ಮೂಲಕವೇ. ಅಂಚೆಯ ಲಕೋಟೆ ಬಹುಮಟ್ಟಿಗೆ ಮರೆಯಾಗಿದೆ. ಬಂದ ಆಮಂತ್ರಣವನ್ನು ಅಜ್ಜಿಯೂ ಓದುತ್ತಾರೆ, ಊರಿನಿಂದ ಮೊನ್ನೆಯಷ್ಟೇ ಬಂದು ಹೋಟೇಲಿಗೆ ಸೇರಿದ ಹುಡುಗನೂ ಓದುತ್ತಾನೆ. ಅಕ್ಷರ ಕನ್ನಡದ್ದು, ಒತ್ತು ಸರಿಯಾಗಿದೆ, ದೀರ್ಘ ಸರಿಯಾಗಿದೆ. ಇದು ಎಷ್ಟು ಸಹಜವಾಗಿದೆಯೆಂದರೆ, ಈ ಅಕ್ಷರಗಳು ಫೋನಿನೊಳಗೆ ಹೇಗೆ ಬಂದವು, ಯಾರು ತಂದರು ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ 'ಕಂಪೆನಿಯವರು ಹಾಕಿರುತ್ತಾರೆ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರ ಅರ್ಧ ಮಾತ್ರ ನಿಜ.

ಆಂಡ್ರಾಯ್ಡ್ ಫೋನುಗಳು ಮಾರುಕಟ್ಟೆಗೆ ಬಂದದ್ದು 2008ರಲ್ಲಿ. ಮೊದಲ ಕೆಲವು ವರ್ಷ ಅವುಗಳಲ್ಲಿ ಬಹುತೇಕವು ಕನ್ನಡ ಬರಹವನ್ನು ತೋರಿಸುತ್ತಲೇ ಇರಲಿಲ್ಲ. ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಳುಹಿಸುವ, ಇಲ್ಲವೇ ಮುದ್ರಿತ ಹಾಳೆಯ ಫೋಟೋ ತೆಗೆದು ಕಳುಹಿಸುವ ರೂಢಿ ಬೆಳೆದದ್ದು ಆ ಕಾಲದಲ್ಲೇ. 2012ರಲ್ಲಿ ಬಂದ ಆಂಡ್ರಾಯ್ಡ್ 4.1ರಲ್ಲಿ ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಜಾಗ ಸಿಕ್ಕಿತು. ಫೋನಿನ ಒಳಗಿನ ಪಟ್ಟಿಗಳೂ ಸೂಚನೆಗಳೂ ಕನ್ನಡದಲ್ಲೇ ದೊರೆಯತೊಡಗಿದ್ದು 2014ರ 5.0 ಆವೃತ್ತಿಯಿಂದ. ಆರು ವರ್ಷಗಳ ಈ ವಿಳಂಬಕ್ಕೆ ಯಾರನ್ನಾದರೂ ದೂರುವುದಕ್ಕಿಂತ, ಈ ಲಿಪಿಯನ್ನು ಪರದೆಯ ಮೇಲೆ ಮೂಡಿಸುವುದು ಎಂಥ ಕೆಲಸ ಎಂಬುದನ್ನು ತಿಳಿಯುವುದು ಒಳ್ಳೆಯದು.

'ಕರ್ನಾಟಕ' ಎಂಬ ಪದವನ್ನೇ ತೆಗೆದುಕೊಳ್ಳಬಹುದು. ಯಂತ್ರದೊಳಗೆ ಅದು ಕ, ರ, ಹಲಂತ, ನ, ಆಕಾರ, ಟ, ಕ ಎಂಬ ಕ್ರಮದಲ್ಲಿ ಕೂತಿರುತ್ತದೆ. ಅಂದರೆ ಉಚ್ಚಾರದ ಕ್ರಮ. ಬರೆಯುವಾಗ ಮಾತ್ರ 'ನಾ' ಮೊದಲು ಬಂದು ಅರ್ಕಾವೊತ್ತು ಅದರ ಬಲಕ್ಕೆ ಹೋಗಬೇಕು. 'ಕನ್ನಡ'ದಲ್ಲಿ ಎರಡನೆಯ 'ನ' ಒತ್ತಾಗಿ ಕೆಳಗಿಳಿಯಬೇಕು. 'ಸ್ತ್ರೀ' ಎಂದರೆ ಒಂದರ ಬುಡದಲ್ಲಿ ಇನ್ನೊಂದು, ಅದರ ಪಕ್ಕ ಮತ್ತೊಂದು. ಮಗು ಒಂದನೆಯ ತರಗತಿಯಲ್ಲಿ ಕಲಿಯುವ ಈ ಜೋಡಣೆಯನ್ನು ಯಂತ್ರಕ್ಕೆ ಯಾರೋ ಕಲಿಸಬೇಕು. ಆಂಡ್ರಾಯ್ಡ್ ಫೋನಿನಲ್ಲಿ ಈ ಜೋಡಣೆ ಮಾಡುವುದು 'ಹಾರ್ಫ್‌ಬಜ್' ಎಂಬ ತಂತ್ರಾಂಶ. ಹೆಸರು ಪಾರಸಿ ಭಾಷೆಯದು. ಅದನ್ನು ಬಹುಕಾಲ ಮುನ್ನಡೆಸಿದವರು ಇರಾನ್ ಮೂಲದ ಬೆಹ್‌ದಾದ್ ಇಸ್ಫಹ್‌ಬೋದ್. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆ ಆಫೀಸ್ ಮುಂತಾದವುಗಳಲ್ಲೂ ಇದೇ ಇದೆ. ಅದರ ಮೂಲ ಬರಹ ಎಲ್ಲರಿಗೂ ತೆರೆದಿದೆ. ಅರಬ್ಬಿ, ಬರ್ಮೀ, ಕನ್ನಡ, ಹೀಗೆ ಯಾವ ಭಾಷೆಯವರಾದರೂ 'ಇಲ್ಲಿ ತಪ್ಪು ಮೂಡುತ್ತಿದೆ' ಎಂದು ಉದಾಹರಣೆ ಸಹಿತ ತಿಳಿಸಬಹುದು, ತಿಳಿದವರು ತಿದ್ದುಪಡಿಯನ್ನೇ ಕಳುಹಿಸಬಹುದು. ಮುಂಬಯಿಯ ಚಾಳಿನ ಖೋಲಿಯಲ್ಲಿ ಕೂತು ಓದುವ 'ಕರ್ನಾಟಕ' ಎಂಬ ನಾಲ್ಕು ಅಕ್ಷರದ ಹಿಂದೆ ಕನ್ನಡದ ಗಂಧವೇ ಇಲ್ಲದ ದೇಶದವರ ದುಡಿಮೆಯೂ ಇದೆ.

ಇದನ್ನೇ ಮುಕ್ತ ತಂತ್ರಾಂಶ ಎನ್ನುವುದು. ಹೋಟೇಲು ಉದ್ಯಮ ಬಲ್ಲ ಓದುಗರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಸಾಂಬಾರಿನ ಪಾಕವನ್ನು ಗೋಡೆಯ ಮೇಲೆ ಬರೆದು ಹಾಕಿದಂತೆ. ಯಾರು ಬೇಕಾದರೂ ಓದಬಹುದು, ತಮ್ಮ ಅಡುಗೆಮನೆಯಲ್ಲಿ ಮಾಡಬಹುದು, ಬೆಲ್ಲ ಹೆಚ್ಚು ಹಾಕಬಹುದು, ಮಾರಲೂಬಹುದು. ಆದರೆ ಷರತ್ತುಗಳಲ್ಲಿ ಭೇದವಿದೆ. ಕೆಲವು ಪರವಾನಗಿಗಳು 'ಪಾಕವನ್ನು ಸುಧಾರಿಸಿ ಹಂಚಿದರೆ ಆ ಸುಧಾರಣೆಯನ್ನೂ ಗೋಡೆಗೆ ಬರೆಯಬೇಕು' ಎನ್ನುತ್ತವೆ. ಕೆಲವು ಹಾಗೆ ಒತ್ತಾಯಿಸುವುದಿಲ್ಲ. ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಮೊದಲನೆಯ ಬಗೆಯದು. ಆಂಡ್ರಾಯ್ಡ್‌ನ ತಳಪಾಯ ಅದೇ. ಆ ತಳಪಾಯದ ಮೇಲೆ ಕಟ್ಟಿದ ಆಂಡ್ರಾಯ್ಡ್‌ನ ಬಹುಭಾಗ ಎರಡನೆಯ ಬಗೆಯದು. ಹಾಗಾಗಿ ಫೋನ್ ತಯಾರಕರು ತಳಪಾಯದಲ್ಲಿ ಮಾಡಿದ ಬದಲಾವಣೆಯನ್ನು ಬಹಿರಂಗಪಡಿಸಲೇಬೇಕು. ಮೇಲಿನ ಮಹಡಿಗಳಲ್ಲಿ ಮಾಡಿದ್ದನ್ನು ಮುಚ್ಚಿಟ್ಟುಕೊಳ್ಳಬಹುದು. ಕ್ಯಾಮೆರಾ, ಮೋಡೆಮ್ ಮುಂತಾದ ಬಿಡಿಭಾಗಗಳನ್ನು ನಡೆಸುವ ಬರಹ ಹೆಚ್ಚಿನಂಶ ಮುಚ್ಚಿಯೇ ಇರುತ್ತದೆ. ಹೊರಗಿನ ಸ್ವಯಂಸೇವಕರು ಹಳೆಯ ಫೋನೊಂದಕ್ಕೆ ಹೊಸ ಜೀವ ಕೊಡಲು ಹೊರಟಾಗ ಮೊದಲು ಮುಗ್ಗರಿಸುವುದು ಇಲ್ಲೇ.

ಹಾಗೆ ಜೀವ ಕೊಡಲು ಹೊರಟವರ ಕಥೆ ಸ್ವಾರಸ್ಯಕರವಾಗಿದೆ. 2009ರಲ್ಲಿ ಅಮೆರಿಕದ ಸ್ಟೀವ್ ಕೊಂಡಿಕ್ ಎಂಬವರು ತಮ್ಮ ಫೋನಿಗೆಂದು ಆಂಡ್ರಾಯ್ಡನ್ನು ತಿದ್ದಿ ಮಾರ್ಪಡಿಸಿದರು. ಅದಕ್ಕೆ ಸಯನೋಜೆನ್‌ಮಾಡ್ ಎಂಬ ಹೆಸರಾಯಿತು. ಇತರರು ಸೇರಿಕೊಂಡರು, ಒಬ್ಬೊಬ್ಬರು ತಮ್ಮಲ್ಲಿದ್ದ ಫೋನಿನ ಮಾದರಿಯ ಹೊಣೆ ಹೊತ್ತರು. ಅದೇ ವರ್ಷ ಗೂಗಲ್‌ನಿಂದ ವಕೀಲರ ನೋಟಿಸೂ ಬಂತು. ಗೂಗಲ್‌ನ ಸ್ವಂತ ಅಪ್ಲಿಕೇಶನ್‌ಗಳನ್ನು ಜೊತೆಗೆ ಹಂಚುತ್ತಿದ್ದುದು ಆಕ್ಷೇಪಕ್ಕೆ ಕಾರಣ. ಅವುಗಳನ್ನು ತೆಗೆದುಹಾಕಿ ಕೆಲಸ ಮುಂದುವರಿಯಿತು. 2013ರಲ್ಲಿ ಇದೇ ಹೆಸರಿನಲ್ಲಿ ಕಂಪೆನಿಯೊಂದು ಹುಟ್ಟಿಕೊಂಡಿತು, ಬಂಡವಾಳ ಹರಿದುಬಂತು. ಭಾರತಕ್ಕೂ ಇದರ ಬಿಸಿ ತಟ್ಟಿತ್ತು ಎಂಬುದನ್ನು ಬಹಳ ಮಂದಿ ಮರೆತಿರಬಹುದು. ಭಾರತದಲ್ಲಿ ಈ ತಂತ್ರಾಂಶದ ಹಕ್ಕು ತನಗೆ ಮಾತ್ರ ಸೇರಿದ್ದು ಎಂದು ಮೈಕ್ರೋಮ್ಯಾಕ್ಸ್ ಹೂಡಿದ ದಾವೆಯಲ್ಲಿ ದೆಹಲಿ ಹೈಕೋರ್ಟು 2014ರ ಡಿಸೆಂಬರಿನಲ್ಲಿ ಒನ್‌ಪ್ಲಸ್ ಫೋನಿನ ಮಾರಾಟಕ್ಕೆ ತಡೆ ನೀಡಿತು. ಕೆಲವೇ ದಿನಗಳಲ್ಲಿ ವಿಭಾಗೀಯ ಪೀಠ ಆ ತಡೆಯನ್ನು ತೆರವುಗೊಳಿಸಿತು. ಬಿಡುವಿನ ವೇಳೆಯ ಹವ್ಯಾಸವಾಗಿ ಹುಟ್ಟಿದ ಕೆಲಸವೊಂದು ಎರಡು ಕಂಪೆನಿಗಳನ್ನು ಕೋರ್ಟಿನ ಮೆಟ್ಟಿಲು ಹತ್ತಿಸಿತು!

ಎರಡು ವರ್ಷ ಕಳೆಯುವಷ್ಟರಲ್ಲಿ ಚಿತ್ರ ಬದಲಾಯಿತು. 2016ರ ಡಿಸೆಂಬರ್ ಕೊನೆಯಲ್ಲಿ ಕಂಪೆನಿ ತನ್ನ ಸೇವೆಗಳನ್ನೆಲ್ಲ ನಿಲ್ಲಿಸಿತು. ಕಂಪೆನಿ ಮುಚ್ಚಿದರೆ ಸಾಮಾನ್ಯವಾಗಿ ಸರಕೂ ಮುಗಿಯಿತು. ಇಲ್ಲಿ ಹಾಗಾಗಲಿಲ್ಲ. ಮೂಲ ಬರಹ ಎಲ್ಲರ ಕೈಯಲ್ಲಿ ಇತ್ತು. ಅದೇ ವಾರ ಸ್ವಯಂಸೇವಕರು ಅದನ್ನೆತ್ತಿಕೊಂಡು ಲೀನಿಯೇಜ್ ಓಎಸ್ ಎಂದು ಹೊಸ ಹೆಸರಿಟ್ಟು ನಡೆಸಿಕೊಂಡು ಹೋದರು. ತಯಾರಕರು ಕೈಬಿಟ್ಟ ನೂರಾರು ಮಾದರಿಗಳಿಗೆ ಅಂದಿನಿಂದ ಅವರು ಭದ್ರತಾ ತಿದ್ದುಪಡಿಗಳನ್ನು ಕೊಡುತ್ತ ಬಂದಿದ್ದಾರೆ. ಕಂಪೆನಿಯ ಬಂಡವಾಳಕ್ಕಿಂತ ಸಂಬಳವಿಲ್ಲದವರ ಹಟ ಹೆಚ್ಚು ಬಾಳಿತು ಎಂಬುದರಲ್ಲಿ ಎರಡು ಮಾತಿಲ್ಲ.

ಇಷ್ಟು ಓದಿ ಯಾರಾದರೂ ಇಂದೇ ತಮ್ಮ ಫೋನಿಗೆ ಇದನ್ನು ಹಾಕಿಕೊಳ್ಳಲು ಹೊರಟರೆ ಒಂದು ಎಚ್ಚರಿಕೆ ಅಗತ್ಯ. ಹೆಜ್ಜೆ ತಪ್ಪಿದರೆ ಫೋನು ನಿಷ್ಕ್ರಿಯವಾಗಬಹುದು. ಹಲವು ಬ್ಯಾಂಕಿನ, ಯುಪಿಐ ಪಾವತಿಯ ಅಪ್ಲಿಕೇಶನ್‌ಗಳು ಮಾರ್ಪಡಿಸಿದ ಫೋನಿನಲ್ಲಿ ನಡೆಯಲು ಒಪ್ಪುವುದಿಲ್ಲ. ದಿನನಿತ್ಯದ ಒಂದೇ ಫೋನಿನ ಮೇಲೆ ಈ ಪ್ರಯೋಗ ಬೇಡ. ಮನೆಯ ಕಪಾಟಿನಲ್ಲಿ ಮೂಲೆ ಸೇರಿದ ಹಳೆಯ ಫೋನಿದ್ದರೆ, ಅದರ ಮಾದರಿ ಪಟ್ಟಿಯಲ್ಲಿದ್ದರೆ, ಕಾಲೇಜಿಗೆ ಹೋಗುವ ಮಗನೋ ಮಗಳೋ ಕೈಹಾಕಿ ನೋಡಲಿ.

ಕೈಬಿಟ್ಟದ್ದನ್ನು ಎತ್ತಿಕೊಂಡ ನಿದರ್ಶನ ಇದೊಂದೇ ಅಲ್ಲ. ಕೆನೋನಿಕಲ್ ಕಂಪೆನಿ 2017ರಲ್ಲಿ ಉಬುಂಟು ಫೋನಿನ ಆಸೆ ಬಿಟ್ಟಾಗ ಯುಬಿಪೋರ್ಟ್ಸ್ ಎಂಬ ಬಳಗ ಅದನ್ನು ಉಳಿಸಿಕೊಂಡಿತು. ಮೊಜಿಲ್ಲಾದ ಫೈರ್‌ಫಾಕ್ಸ್ ಓಎಸ್ 2014ರಲ್ಲಿ ಇಂಟೆಕ್ಸ್‌ನ 1,999 ರೂಪಾಯಿಯ ಫೋನಿನಲ್ಲಿ ಭಾರತಕ್ಕೆ ಬಂದು, ನೆಲೆಯೂರದೆ ಹೋಯಿತು. ಆದರೆ ಅದರ ಮೂಲ ಬರಹದಿಂದಲೇ ಕೈಓಎಸ್ ಹುಟ್ಟಿತು. 2017ರಲ್ಲಿ 1,500 ರೂಪಾಯಿ ಠೇವಣಿಗೆ ಮನೆಮನೆಗೆ ಬಂದ ಜಿಯೋಫೋನ್ ನಡೆದದ್ದು ಅದರ ಮೇಲೆಯೇ. ಊರಿನಲ್ಲಿ ಗುಂಡಿಯ ಫೋನು ಹಿಡಿದು ಮುಂಬಯಿಯ ಮಗನ ಜೊತೆ ಮಾತನಾಡಿದ ತಾಯಂದಿರಿಗೆ ಈ ವಂಶಾವಳಿ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ.

ಇನ್ನು ಕನ್ನಡದ ವಿಚಾರ. ಯಂತ್ರಕ್ಕೆ ಕನ್ನಡ ಕಲಿಸಿದವರಲ್ಲಿ ಹೊರನಾಡ ಕನ್ನಡಿಗರ ಪಾಲು ದೊಡ್ಡದು ಎಂಬುದು ಅಭಿಮಾನದ ಸಂಗತಿ. ಇಂದು ಗಣಕದಲ್ಲಿ ಕನ್ನಡ ಬೆರಳಚ್ಚು ಮಾಡುವವರು ಹೆಚ್ಚಾಗಿ ಬಳಸುವ ಕೀಲಿಮಣೆ ವಿನ್ಯಾಸ ಕೆ. ಪಿ. ರಾವ್ ಅವರದು. ಕರಾವಳಿಯ ಕಿನ್ನಿಕಂಬಳದವರಾದ ಅವರು ವೃತ್ತಿಜೀವನದ ಮಹತ್ವದ ವರ್ಷಗಳನ್ನು ಕಳೆದದ್ದು ಮುಂಬಯಿಯಲ್ಲಿ. 'ಕ'ಕ್ಕೆ ಕೆ, 'ಗ'ಕ್ಕೆ ಜಿ, ಒತ್ತು ಕೊಡಲು ಎಫ್ ಎಂಬ ಆ ಸರಳ ಜಾಣ್ಮೆಯನ್ನು ಅವರು ಎಲ್ಲರ ಬಳಕೆಗೆ ಬಿಟ್ಟುಕೊಟ್ಟರು. 1996ರಲ್ಲಿ ಕನ್ನಡದ ಮೊದಲ ಅಂತರಜಾಲ ಪತ್ರಿಕೆ 'ವಿಶ್ವಕನ್ನಡ'ವನ್ನು ಆರಂಭಿಸಿದಾಗ ಡಾ. ಯು. ಬಿ. ಪವನಜ ಅವರು ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದರು. ಮುಕ್ತವಾಗಿ ಹಂಚಿದ 'ಲೋಹಿತ್ ಕನ್ನಡ' ಅಕ್ಷರಶೈಲಿಯ ಕೆಲಸ ಬಹುಪಾಲು ನಡೆದದ್ದು ರೆಡ್ ಹ್ಯಾಟ್ ಕಂಪೆನಿಯ ಪುಣೆ ಕಚೇರಿಯಲ್ಲಿ. ಕನ್ನಡಿಗರೇ ರೂಪಿಸಿ ಬಿಟ್ಟುಕೊಟ್ಟ 'ಗುಬ್ಬಿ', 'ನವಿಲು' ಎಂಬ ಚೆಂದದ ಹೆಸರಿನ ಅಕ್ಷರಶೈಲಿಗಳೂ ಇವೆ. ನವಿಲು ಕೈಬರಹದ ಹಾಗೆ ಕಾಣುತ್ತದೆ.

ಮೊಬೈಲಿನ ಕಾಲಕ್ಕೆ ಬಂದಾಗ ಈ ಉತ್ಸಾಹ ಎಲ್ಲಿ ಸೋರಿಹೋಯಿತು ಎಂಬುದೇ ಯೋಚಿಸಬೇಕಾದ ಪ್ರಶ್ನೆ. ಫೋನಿನಲ್ಲಿ ಕನ್ನಡ ಬರೆಯಲು ಪೂರ್ತಿ ಮುಕ್ತವಾದ ಕೀಲಿಮಣೆ ಬೇಕೆಂದು ಹುಡುಕಿದವರಿಗೆ ಸಿಗುವ ಹೆಸರುಗಳಲ್ಲಿ ಮುಖ್ಯವಾದದ್ದು 'ಇಂಡಿಕ್ ಕೀಬೋರ್ಡ್'. ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಿಗೆ ನೆರವಾಗುವ ಇದರ ಮೂಲ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಎಂಬ ಕೇರಳದ ಸ್ವಯಂಸೇವಕ ಬಳಗದಲ್ಲಿದೆ. ಮಲಯಾಳಿಗಳು ತಮ್ಮ ಭಾಷೆಗೆಂದು ದುಡಿಯುತ್ತ ನೆರೆಮನೆಯವರಿಗೂ ಒಂದು ಎಲೆ ಹಾಕಿದರು. ಬಡಿಸಿದ್ದನ್ನು ಉಣ್ಣುವುದರಲ್ಲಿ ತಪ್ಪೇನಿಲ್ಲ. ಆದರೆ ಕೈತೊಳೆದು ಎದ್ದು ಹೋಗುವ ಮುನ್ನ ಪಾತ್ರೆಗೆ ಒಂದು ಕೈ ಹಾಕುವುದು ಮರ್ಯಾದೆ. ಕೀಲಿಮಣೆ ಸಣ್ಣ ವಿಷಯವಲ್ಲ. ಮನೆಮಂದಿ ಒತ್ತುವ ಪ್ರತಿಯೊಂದು ಅಕ್ಷರ, ಬ್ಯಾಂಕಿನ ಗುಪ್ತಪದ ಸಹಿತ, ಹಾದುಹೋಗುವುದು ಅದರ ಮೂಲಕ. ಅದರ ಒಳಗೇನಿದೆ ಎಂದು ಬಲ್ಲವರು ತೆರೆದು ನೋಡುವ ಅವಕಾಶ ಇರುವುದು, ಇಲ್ಲದಿರುವುದು ಎರಡೂ ಒಂದೇ ಅಲ್ಲ.

'ಇದೆಲ್ಲ ಇಂಜಿನಿಯರುಗಳ ಕೆಲಸ, ನಮಗೇನು ತಿಳಿಯುತ್ತದೆ' ಎನ್ನುವವರೇ ಹೆಚ್ಚು. ವಾಸ್ತವದಲ್ಲಿ ಇಂಜಿನಿಯರಿಗೆ ತಿಳಿಯದ, ಕನ್ನಡದ ಮೇಷ್ಟ್ರಿಗೆ ಮಾತ್ರ ತಿಳಿಯುವ ತೊಡಕುಗಳೇ ಇಲ್ಲಿ ಜಾಸ್ತಿ. ಒಂದು ಮುಕ್ತ ಅಪ್ಲಿಕೇಶನ್ನಿನ ಅನುವಾದಕ್ಕೆ ಕೂತವರ ಮುಂದೆ ಬರುವುದು ಹಿಂದುಮುಂದಿಲ್ಲದ ಬಿಡಿ ಸಾಲುಗಳು. 'ಫ್ರೀ' ಎಂದಷ್ಟೇ ಇರುತ್ತದೆ. ಅದು ಪುಕ್ಕಟೆಯೋ, ಸ್ವತಂತ್ರವೋ, ಅಥವಾ ಫೋನಿನಲ್ಲಿ ಉಳಿದಿರುವ ಖಾಲಿ ಜಾಗವೋ? 'ಓಪನ್' ಎಂದರೆ 'ತೆರೆಯಿರಿ' ಎಂಬ ಸೂಚನೆಯೋ, 'ತೆರೆದಿದೆ' ಎಂಬ ಮಾಹಿತಿಯೋ? ಸಂದರ್ಭ ನೋಡದೆ ಬರೆದರೆ ಖಾಲಿ ಜಾಗದ ಪಕ್ಕದಲ್ಲಿ 'ಪುಕ್ಕಟೆ' ಎಂದು ಮೂಡಿ ನಗೆಪಾಟಲಾಗುತ್ತದೆ.

ವಿಭಕ್ತಿ ಪ್ರತ್ಯಯದ ಗೋಳು ಇನ್ನೂ ದೊಡ್ಡದು. 'ಇಂಥವರಿಗೆ ಸಂದೇಶ ಕಳುಹಿಸಲಾಗಿದೆ' ಎಂಬ ಸಾಲಿನಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟು ಯಂತ್ರ ಅಲ್ಲಿ ಹೆಸರು ತುಂಬುತ್ತದೆ. ಇಂಗ್ಲಿಷಿನಲ್ಲಿ ಹೆಸರು ಬದಲಾಗುವುದಿಲ್ಲವಾದ್ದರಿಂದ ತೊಂದರೆಯಿಲ್ಲ. ಕನ್ನಡದಲ್ಲಿ ರಮೇಶ 'ರಮೇಶನಿಗೆ' ಆಗಬೇಕು, ಲಕ್ಷ್ಮಿ 'ಲಕ್ಷ್ಮಿಗೆ', ವಾಸು 'ವಾಸುವಿಗೆ', ಹಿರಿಯರಾದರೆ 'ರಾಯರಿಗೆ'. ಯಂತ್ರ ಎಲ್ಲಕ್ಕೂ ಒಂದೇ 'ಗೆ' ಅಂಟಿಸಿದರೆ ಕಿವಿಗೆ ಒಗ್ಗುವುದಿಲ್ಲ. ಜಾಣ ಅನುವಾದಕ ವಾಕ್ಯವನ್ನೇ ತಿರುಗಿಸಿ 'ಸಂದೇಶ ತಲಪಿದೆ, ಪಡೆದವರು: ರಮೇಶ' ಎಂದು ಬರೆದು ಪಾರಾಗುತ್ತಾನೆ. ಮರ್ಯಾದೆಯ ಪ್ರಶ್ನೆಯೂ ಇದೆ. 'ಒತ್ತು' ಎಂದರೆ ಅಜ್ಜನಿಗೆ ಗದರಿದಂತೆ. 'ಒತ್ತಿರಿ' ಎಂದರೆ ಗುಂಡಿಯಲ್ಲಿ ಜಾಗ ಸಾಲದೆ ಅಕ್ಷರ ತುಂಡಾಗುತ್ತದೆ. 'ಸೆಟ್ಟಿಂಗ್ಸ್' ಎಂಬುದಕ್ಕೆ 'ಸಂಯೋಜನೆ' ಎಂದು ಸಂಸ್ಕೃತ ಹುಡುಕಬೇಕೋ, ಜನರ ಬಾಯಲ್ಲಿ ಇರುವುದನ್ನೇ ಇಡಬೇಕೋ ಎಂಬುದು ಮತ್ತೊಂದು ಜಗಳ. ಜನರ ಬಾಯಿಗೇ ಬೆಲೆ ಕೊಡುವುದು ಲೇಸು. ಓದಿದ ಕೂಡಲೇ ಮತ್ತೆ ಇಂಗ್ಲಿಷಿಗೆ ಬದಲಾಯಿಸಿಕೊಳ್ಳುವಂಥ ಕನ್ನಡ ಬರೆದು ಯಾರಿಗೂ ಉಪಕಾರವಿಲ್ಲ. ಇವೆಲ್ಲ ತೀರ್ಮಾನವಾಗಬೇಕಾದದ್ದು ವ್ಯಾಕರಣ ಬಲ್ಲ, ಬದುಕು ಕಂಡ ಕನ್ನಡಿಗರಿಂದ. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ದುಡಿದು ನಿವೃತ್ತರಾದ ಶಿಕ್ಷಕ-ಶಿಕ್ಷಕಿಯರು ಎಷ್ಟೋ ಮಂದಿ ಉಪನಗರಗಳಲ್ಲಿ ಇದ್ದಾರೆ. ಶಾಲೆಗಳು ಕಡಿಮೆಯಾಗುತ್ತ ಬಂದಿವೆ. ಅವರ ಕೆಂಪು ಶಾಯಿಯ ಪೆನ್ನಿಗೆ ಇಲ್ಲಿ ಇನ್ನೂ ಕೆಲಸವಿದೆ.

ಅನುವಾದ ಒಗ್ಗದವರಿಗೆ ನಕ್ಷೆಯಿದೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಸಾರ್ವಜನಿಕರೇ ಕಟ್ಟಿದ ಭೂಪಟ. ಓಎಸ್‌ಎಂಆಂಡ್, ಆರ್ಗಾನಿಕ್ ಮ್ಯಾಪ್ಸ್ ಮುಂತಾದ ಮುಕ್ತ ಅಪ್ಲಿಕೇಶನ್‌ಗಳು ಅದನ್ನೇ ಫೋನಿನಲ್ಲಿ ತೋರಿಸುತ್ತವೆ. ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಕಡೆಯೂ ನಡೆಯುತ್ತವೆ. ಅದರಲ್ಲಿ ಪ್ರತಿಯೊಂದು ಊರಿಗೂ ಬೀದಿಗೂ ನಿಲ್ದಾಣಕ್ಕೂ ಬೇರೆ ಬೇರೆ ಭಾಷೆಯಲ್ಲಿ ಹೆಸರು ದಾಖಲಿಸುವ ವ್ಯವಸ್ಥೆಯಿದೆ. ಬೆಂಗಳೂರಿನ ಬೀದಿಗಳಿಗೆ ಕನ್ನಡದ ಹೆಸರು ಬರೆಯಲು ಬೆಂಗಳೂರಿನಲ್ಲಿ ಜನರಿದ್ದಾರೆ. ಘಾಟ್ಕೋಪರ್, ಡೊಂಬಿವಲಿ, ಸಾಂತಾಕ್ರೂಜ್, ಭಾಯಂದರ್, ಪುಣೆಯ ಕಾತ್ರಜ್, ಚೆನ್ನೈಯ ಮಾಂಬಲಂ, ಹೈದರಾಬಾದಿನ ಕಾಚಿಗುಡ, ಇವುಗಳನ್ನು ಕನ್ನಡದಲ್ಲಿ ಸರಿಯಾಗಿ ಬರೆಯಬಲ್ಲವರು ಯಾರು? ಅಲ್ಲೇ ಬಾಳುವ ಕನ್ನಡಿಗರು ಮಾತ್ರ. 'ಠಾಣೆ'ಯೋ 'ಥಾಣೆ'ಯೋ ಎಂಬ ಹಳೆಯ ತಕರಾರನ್ನೂ ಅವರೇ ಬಗೆಹರಿಸಬೇಕು. ದೇವನಾಗರಿಯೂ ಇಂಗ್ಲಿಷೂ ಸರಿಯಾಗಿ ಓದಲು ಬಾರದೆ ಊರಿನಿಂದ ನೇರ ಮಹಾನಗರಕ್ಕೆ ಬಂದಿಳಿಯುವ ಹುಡುಗರು ಇಂದಿಗೂ ಇದ್ದಾರೆ; ಅವರ ಕೈಯಲ್ಲಿ ಫೋನಂತೂ ಇದ್ದೇ ಇರುತ್ತದೆ.

ಕಣ್ಣು ಕಾಣದವರ ಪಾಲಿಗೆ ಇನ್ನೊಂದು ಕೆಲಸವಿದೆ. ಈಸ್ಪೀಕ್ ಎಂಬ ಮುಕ್ತ ತಂತ್ರಾಂಶ ಪರದೆಯ ಮೇಲಿನ ಕನ್ನಡವನ್ನು ಓದಿ ಹೇಳುತ್ತದೆ. ಧ್ವನಿ ಯಂತ್ರದ್ದು, ಉಚ್ಚಾರ ಅಲ್ಲಲ್ಲಿ ಎಡವುತ್ತದೆ. ಎಲ್ಲಿ ಎಡವುತ್ತದೆ ಎಂದು ಕೇಳಿ ಪಟ್ಟಿ ಮಾಡಿ ಕಳುಹಿಸಲು ಕನ್ನಡದ ಕಿವಿಯೊಂದಿದ್ದರೆ ಸಾಕು.

ಇಷ್ಟಕ್ಕೂ ಪುಕ್ಕಟೆ ಏಕೆ ದುಡಿಯಬೇಕು, ಕೋಟ್ಯಂತರ ಲಾಭ ಮಾಡುವ ಕಂಪೆನಿಗಳು ಹಣ ಕೊಟ್ಟು ಮಾಡಿಸಿಕೊಳ್ಳಲಿ ಎಂಬ ಆಕ್ಷೇಪ ಬಂದೇ ಬರುತ್ತದೆ. ಅದನ್ನು ತಳ್ಳಿಹಾಕುವಂತಿಲ್ಲ. ಲಿನಕ್ಸಿನಲ್ಲಾಗಲಿ ಆಂಡ್ರಾಯ್ಡಿನಲ್ಲಾಗಲಿ ಇಂದು ಬಹುಪಾಲು ಬರಹ ಸಂಬಳದ ಇಂಜಿನಿಯರುಗಳದ್ದೇ. ಎಲ್ಲವೂ ಸ್ವಯಂಸೇವೆ ಎನ್ನುವುದು ಉತ್ಪ್ರೇಕ್ಷೆ. ಆದರೆ ಕಂಪೆನಿಯ ಹಣ ಲಾಭ ಇರುವ ಕಡೆಗೆ ಹರಿಯುತ್ತದೆ. ಐದು ವರ್ಷದ ಹಳೆಯ ಫೋನಿಗೆ, ಕೊಂಡುಕೊಳ್ಳುವ ಶಕ್ತಿ ಕಡಿಮೆಯಿರುವ ಭಾಷೆಗೆ, ಕಣ್ಣಿಲ್ಲದವರಿಗೆ ಅದು ಹರಿಯುವುದು ತಡವಾಗಿ, ತೆಳುವಾಗಿ. ಮತ್ತೊಂದು ವ್ಯತ್ಯಾಸವನ್ನೂ ಗಮನಿಸಬೇಕು. ಕಂಪೆನಿಯ ಸ್ವಂತ ನಕ್ಷೆಗೆ ಹೆಸರು ತಿದ್ದಿ ಕಳುಹಿಸಿದರೆ ಆ ದುಡಿಮೆ ಕಂಪೆನಿಯ ಉಗ್ರಾಣ ಸೇರುತ್ತದೆ. ನಾಳೆ ಅವರು ಬಾಗಿಲು ಹಾಕಿದರೆ ಕೇಳುವಂತಿಲ್ಲ. ಮುಕ್ತ ನಕ್ಷೆಗೆ ಬರೆದದ್ದು ಎಲ್ಲರದಾಗಿ ಉಳಿಯುತ್ತದೆ. ದಾನ ಮಾಡುವುದಾದರೆ ಪಾತ್ರ ನೋಡಿ ಮಾಡಬೇಕೆಂದು ಹಿರಿಯರು ಹೇಳುತ್ತಿದ್ದುದು ಇಲ್ಲಿಗೂ ಹೊಂದುತ್ತದೆ.

ಯಂತ್ರವೇ ಈಗ ಅನುವಾದ ಮಾಡುತ್ತದೆಯಲ್ಲ ಎಂಬುದು ಹೊಸ ಆಕ್ಷೇಪ. ಮಾಡುತ್ತದೆ, ದಿನೇ ದಿನೇ ಸುಧಾರಿಸುತ್ತಲೂ ಇದೆ. ಆದರೆ ಅದು ಕಲಿತದ್ದು ಮನುಷ್ಯರು ಬರೆದು ಬಿಟ್ಟ ಸಾಲುಗಳಿಂದ. ಕನ್ನಡದಲ್ಲಿ ಅಂಥ ಸಾಲುಗಳು ಕಡಿಮೆ. ಮೇಲೆ ಹೇಳಿದ 'ಫ್ರೀ' ಎಂಬಲ್ಲಿ ಯಂತ್ರವೂ ಊಹಿಸುತ್ತದೆ, ಅಷ್ಟೇ.

ಮುಕ್ತತೆಯೆಂಬುದು ಒಮ್ಮೆ ಸಿಕ್ಕರೆ ಸದಾ ಇರುವ ವಸ್ತುವೂ ಅಲ್ಲ. ಆಂಡ್ರಾಯ್ಡ್‌ನ ಅಭಿವೃದ್ಧಿಯನ್ನೆಲ್ಲ ಇನ್ನು ಒಳಗೇ ನಡೆಸಿ, ಸಿದ್ಧವಾದ ಮೇಲೆ ಮೂಲ ಬರಹ ಪ್ರಕಟಿಸುವುದಾಗಿ ಗೂಗಲ್ 2025ರ ಮಾರ್ಚಿನಲ್ಲಿ ಹೇಳಿತು. ಅದೇ ವರ್ಷದ ಆಗಸ್ಟಿನಲ್ಲಿ, ಪ್ಲೇ ಸ್ಟೋರಿನ ಹೊರಗೆ ಹಂಚುವ ಅಪ್ಲಿಕೇಶನ್‌ಗಳ ಕರ್ತೃಗಳೂ ತನ್ನಲ್ಲಿ ಗುರುತು ನೋಂದಾಯಿಸಬೇಕೆಂದು, ಬ್ರೆಜಿಲ್, ಇಂಡೋನೇಷ್ಯಾ, ಸಿಂಗಾಪುರ, ಥಾಯ್ಲೆಂಡ್‌ಗಳಲ್ಲಿ 2026ರ ಸೆಪ್ಟೆಂಬರಿನಿಂದ ಇದನ್ನು ಮೊದಲು ಜಾರಿಗೊಳಿಸುವುದೆಂದು ಪ್ರಕಟಿಸಿತು. ವಂಚಕರ ಹಾವಳಿ ತಡೆಯುವುದು ಉದ್ದೇಶ ಎಂಬುದು ಅದರ ಸಮರ್ಥನೆ. 2010ರಿಂದ ಮುಕ್ತ ಅಪ್ಲಿಕೇಶನ್‌ಗಳನ್ನಷ್ಟೇ ಹಂಚುತ್ತ ಬಂದ ಎಫ್-ಡ್ರಾಯ್ಡ್ ಇದನ್ನು ಬಲವಾಗಿ ವಿರೋಧಿಸಿತು. ಅನುಭವಿ ಬಳಕೆದಾರರಿಗೆ ಪ್ರತ್ಯೇಕ ದಾರಿ ಬಿಡುವುದಾಗಿ ಗೂಗಲ್ ಆಮೇಲೆ ತಿಳಿಸಿತು. ವಂಚನೆ ಇದೆ, ಅದರಿಂದ ಹಣ ಕಳೆದುಕೊಂಡವರೂ ಇದ್ದಾರೆ, ನಿಜ. ಆದರೂ ಹಂಚುವ ಅನುಮತಿಯ ಕೀಲಿಕೈ ಒಬ್ಬರ ಸೊಂಟದಲ್ಲೇ ಇರುವುದು ಒಳ್ಳೆಯ ಲಕ್ಷಣವಲ್ಲ. ಸ್ವದೇಶಿ ಎಂದು 2023ರ ಜನವರಿಯಲ್ಲಿ ಚೆನ್ನೈಯ ಐಐಟಿ ಆಸರೆಯಲ್ಲಿ ಬಂದ ಭರ್‌ಓಎಸ್‌ಗೂ ಆಂಡ್ರಾಯ್ಡ್‌ನ ಮುಕ್ತ ಬರಹವೇ ಆಧಾರ ಎಂಬುದನ್ನು ನೆನೆದರೆ, ಈ ಕೀಲಿಕೈ ಎಷ್ಟು ಮನೆಗಳದ್ದು ಎಂಬುದು ತಿಳಿಯುತ್ತದೆ.

ಮುಂಬಯಿ ಕನ್ನಡಿಗರಿಗೆ ಇಂಥ ದುಡಿಮೆ ಹೊಸತಲ್ಲ. ಹಗಲು ಹೋಟೇಲಿನಲ್ಲಿ ಕಪ್ಪು-ಬಸಿ ತೊಳೆದ ಹುಡುಗರು ರಾತ್ರಿಶಾಲೆಯಲ್ಲಿ ಕಲಿತು ವಕೀಲರಾದರು, ಲೆಕ್ಕಪರಿಶೋಧಕರಾದರು, ಹೋಟೇಲು ಮಾಲಕರೂ ಆದರು. ಅವರಿಗೆ ಪಾಠ ಹೇಳಿದವರು ಹಗಲಿಡೀ ಕಚೇರಿಯಲ್ಲಿ ದುಡಿದು ರಾತ್ರಿ ಶಾಲೆಗೆ ಬರುತ್ತಿದ್ದವರು. ಅವರೇನು ಲಾಭದ ಲೆಕ್ಕ ಹಾಕಿದ್ದರೇ? ಇಂದು ಆ ರಾತ್ರಿಶಾಲೆಗಳಲ್ಲಿ ಕೆಲವಷ್ಟೇ ಉಳಿದಿವೆ, ಸಂಘಗಳ ಸಂಖ್ಯೆಯೇನೂ ಕುಗ್ಗಿಲ್ಲ. ಶಾಲು, ಹಾರ, ಫಲಪುಷ್ಪ, ಸ್ಮರಣಿಕೆ, ಅತಿಥಿಗಳ ಭಾಷಣ, ಊಟ, ಇವು ನಡೆಯಲಿ, ಬೇಡ ಎನ್ನುವವರಾರು? ಆದರೆ ಯುವ ವಿಭಾಗದ ಮಕ್ಕಳನ್ನು ವೇದಿಕೆಯ ಕುರ್ಚಿ ಸರಿಸಲಷ್ಟೇ ಕರೆಯುವ ಪದ್ಧತಿ ನಿಲ್ಲಬೇಕು. ಪುಣೆಯ ಹಿಂಜವಾಡಿಯಲ್ಲಿ, ಹೈದರಾಬಾದಿನ ಮಾಧಾಪುರದಲ್ಲಿ, ಐರೋಲಿಯಲ್ಲಿ ತಂತ್ರಾಂಶವೇ ಹೊಟ್ಟೆಪಾಡಾದ ಕನ್ನಡಿಗರ ಮಕ್ಕಳು ಇದ್ದಾರೆ. ಅವರಲ್ಲಿ ಹಲವರಿಗೆ ಕನ್ನಡ ಮಾತು ಬರುತ್ತದೆ, ಓದು ಬಾರದು. ನಿವೃತ್ತ ಶಿಕ್ಷಕರಿಗೆ ಓದು-ಬರಹ ಗೊತ್ತು, ಗಣಕ ಒಗ್ಗದು. ಇಬ್ಬರನ್ನೂ ಸಂಘದ ಕಚೇರಿಯ ಒಂದು ಮೇಜಿನ ಎದುರು ಬದುರು ಕೂರಿಸಿದರೆ ಅನುವಾದವೂ ಆಗುತ್ತದೆ, ಹುಡುಗರಿಗೆ ಅಕ್ಷರಾಭ್ಯಾಸವೂ ಆಗುತ್ತದೆ. ಖರ್ಚು ಚಹಾ-ಬಟಾಟೆವ‌ಡೆಯದ್ದು.

ರಾಜ್ಯೋತ್ಸವದ ಸಿದ್ಧತೆಯ ಸಭೆಗಳು ಅಕ್ಟೋಬರಿನಲ್ಲಿ ಆರಂಭವಾಗುತ್ತವೆ. ಕಾರ್ಯಸೂಚಿಯಲ್ಲಿ ಸನ್ಮಾನಿತರ ಆಯ್ಕೆಯ ಕೆಳಗೆ ಇನ್ನೊಂದು ಸಾಲು ಸೇರಿಸಲು ಜಾಗವಿದೆ: ಸಿಎಸ್‌ಎಂಟಿಯಿಂದ ಕಲ್ಯಾಣದವರೆಗೆ, ಚರ್ಚ್‌ಗೇಟಿನಿಂದ ವಿರಾರಿನವರೆಗೆ ಮುಕ್ತ ನಕ್ಷೆಯಲ್ಲಿ ಪ್ರತಿ ನಿಲ್ದಾಣದ ಕನ್ನಡ ಹೆಸರು ಇದೆಯೇ, ಸರಿ ಇದೆಯೇ ಎಂದು ಒಂದು ಭಾನುವಾರ ಕೂತು ನೋಡುವುದು, ಇಲ್ಲದ್ದನ್ನು ಬರೆಯುವುದು. ಎರಡೂ ಮಾರ್ಗ ಸೇರಿದರೆ ಐವತ್ತಕ್ಕೂ ಹೆಚ್ಚು ಹೆಸರು, ಒಂದು ಮಧ್ಯಾಹ್ನದ ಕೆಲಸ. ಹಾರ್ಬರ್ ಮಾರ್ಗ ಮುಂದಿನ ಭಾನುವಾರಕ್ಕೆ.